ಸೋಲುವ ತಂಡದ ಜೊತೆ ನಿಲ್ಲುವುದು: ನ್ಯೂಕ್ಯಾಸಲ್ ನೈಟ್ಸ್ ಅಭಿಮಾನಿಗಳಿಂದ ತಿಳಿಯುವ ರಗ್ಬಿ ಲೀಗಿನ ಒಳಲೆಕ್ಕ

2016ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದ ರಗ್ಬಿ ಲೀಗ್ ತಂಡ ನೈಟ್ಸ್, ತನ್ನದೇ ಮೈದಾನದಲ್ಲಿ, ತನ್ನದೇ ಜನರ ಎದುರು, ಕ್ರೊನಲ್ಲಾ ತಂಡಕ್ಕೆ 62-0 ಅಂಕಗಳಿಂದ ಸೋತಿತು. ಆ ವರ್ಷ ತಂಡ ಆಡಿದ 24 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಸಮವಾದದ್ದು ಒಂದು, ಸೋತದ್ದು 22. ಅದರ ಹಿಂದಿನ ವರ್ಷವೂ ತಂಡ ಪಟ್ಟಿಯ ಕೊನೆಯಲ್ಲಿತ್ತು, ಮುಂದಿನ ವರ್ಷವೂ ಅಲ್ಲೇ ಉಳಿಯಿತು. ಆದರೂ 2016ರಲ್ಲಿ ಸ್ವಂತ ಮೈದಾನದ ಪಂದ್ಯಗಳಿಗೆ ಸರಾಸರಿ 14,000ಕ್ಕೂ ಹೆಚ್ಚು ಜನ ಟಿಕೆಟ್ ಪಡೆದು ಬಂದರು. ವರ್ಷವಿಡೀ ಒಮ್ಮೆ ಮಾತ್ರ ಗೆಲ್ಲುವ ತಂಡವನ್ನು ನೋಡಲು ಇಷ್ಟು ಜನ ಏಕೆ ಬರುತ್ತಾರೆ, ಕೋಚ್‌ನನ್ನು ಕಿತ್ತುಹಾಕಿ ಎಂಬ ಫಲಕ ಹಿಡಿದು ಹೊರಗೆ ನಿಲ್ಲುವುದನ್ನೋ ಪಂದ್ಯಗಳನ್ನು ಬಹಿಷ್ಕರಿಸುವುದನ್ನೋ ಏಕೆ ಮಾಡುವುದಿಲ್ಲ ಎಂಬುದು ಹೊರಗಿನವರಿಗೆ ಒಗಟಿನಂತೆ ಕಾಣುತ್ತದೆ. ಇದನ್ನು ಕುರುಡು ಅಭಿಮಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ರಗ್ಬಿ ಲೀಗ್ ಆಟದ ನಿಯಮ, ಅದರ ಹಣಕಾಸಿನ ವ್ಯವಸ್ಥೆ ಮತ್ತು ಆಟಗಾರರು ಒಂದು ಕ್ಲಬ್ಬಿಗೆ ಬಂದು ಸೇರುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಆ 14,000 ಜನ ತಿಳಿದೋ ತಿಳಿಯದೆಯೋ ತಂಡಕ್ಕೆ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸವನ್ನೇ ಮಾಡುತ್ತಿದ್ದರು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಊರಿನ ಬಗ್ಗೆ ಎರಡು ಮಾತು. ಸಿಡ್ನಿಯಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಹಂಟರ್ ನದಿ ಕಡಲು ಸೇರುವ ಜಾಗದಲ್ಲಿರುವ ನ್ಯೂಕ್ಯಾಸಲ್ ಕಲ್ಲಿದ್ದಲು ಮತ್ತು ಉಕ್ಕಿನ ಊರು. 1915ರಿಂದ ಅಲ್ಲಿ ಬಿಎಚ್‌ಪಿ ಕಂಪನಿಯ ಉಕ್ಕಿನ ಕಾರ್ಖಾನೆ ನಡೆಯುತ್ತಿತ್ತು. ನೈಟ್ಸ್ ತಂಡ ಸ್ಪರ್ಧೆಗೆ ಇಳಿದದ್ದು 1988ರಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಭೂಕಂಪವಾಗಿ ಊರಿನಲ್ಲಿ 13 ಜನ ಸತ್ತರು. 1997ರ ಏಪ್ರಿಲ್‌ನಲ್ಲಿ ಕಾರ್ಖಾನೆಯನ್ನು ಮುಚ್ಚುವುದಾಗಿ ಕಂಪನಿ ಘೋಷಿಸಿತು. ಅದೇ ವರ್ಷದ ಸೆಪ್ಟೆಂಬರಿನ ಫೈನಲ್ ಪಂದ್ಯದಲ್ಲಿ, ಮ್ಯಾನ್ಲಿ ವಿರುದ್ಧ 16-16 ಸಮವಾಗಿದ್ದಾಗ, ಆಟ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ನೈಟ್ಸ್‌ನ ಆಂಡ್ರ್ಯೂ ಜಾನ್ಸ್ ಮೈದಾನದ ಕಿರಿದಾದ ಬದಿಗೆ ನುಗ್ಗಿ ಚೆಂಡನ್ನು ಡ್ಯಾರೆನ್ ಆಲ್ಬರ್ಟ್‌ಗೆ ಕೊಟ್ಟರು, ಆಲ್ಬರ್ಟ್ ಅದನ್ನು ಎದುರಾಳಿಯ ತುದಿಯ ಗೆರೆಯ ಆಚೆ ನೆಲಕ್ಕೆ ತಾಗಿಸಿ ಟ್ರೈ ಗಳಿಸಿದರು, 22-16ರ ಗೆಲುವು. ಎರಡು ವರ್ಷಗಳ ನಂತರ ಕಾರ್ಖಾನೆಯ ಬಾಗಿಲು ಮುಚ್ಚಿತು. ತಂಡವನ್ನು ಅಲ್ಲಿನವರು ಮನರಂಜನೆಯ ಸರಕು ಎಂದು ಎಣಿಸದಿರುವುದಕ್ಕೆ ಈ ಹಿನ್ನೆಲೆ ಕಾರಣ ಎಂದು ನಾನು ನಂಬುತ್ತೇನೆ. ಕಷ್ಟದ ವರ್ಷದಲ್ಲಿ ಊರಿನ ಪಾಲಿಗೆ ಬಂದ ತಂಡದ ಕಷ್ಟಕಾಲದಲ್ಲಿ ಊರು ದೂರ ಸರಿಯುವುದು ಅವರ ಎಣಿಕೆಯಲ್ಲಿ ಋಣ ಮರೆತಂತೆ.

ಆದರೆ ಭಾವನೆ ಮಾತ್ರ ವಿವರಣೆಯಾಗದು. 62-0 ಎಂಬ ಅಂಕವನ್ನು ಓದುವುದನ್ನು ಮೊದಲು ಕಲಿಯಬೇಕು. ರಗ್ಬಿ ಲೀಗಿನಲ್ಲಿ ಪ್ರತಿ ತಂಡಕ್ಕೆ 13 ಆಟಗಾರರು, ಆಟ 80 ನಿಮಿಷ. ನಮ್ಮ ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಕೆಡವಿದಂತೆ ಇಲ್ಲಿ ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡವುತ್ತಾರೆ; ಇದಕ್ಕೆ ಟ್ಯಾಕಲ್ ಎನ್ನುತ್ತಾರೆ. ಆರು ಟ್ಯಾಕಲ್‌ಗಳ ಒಳಗೆ ಟ್ರೈ ಗಳಿಸದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಒಂದು ಟ್ರೈಗೆ 4 ಅಂಕ, ಅದರ ನಂತರ ಕಂಬಗಳ ನಡುವೆ ಒದ್ದರೆ ಇನ್ನೆರಡು. ಇಲ್ಲಿರುವ ಒಂದು ನಿಯಮವನ್ನು ಫುಟ್‌ಬಾಲ್ ಬಲ್ಲವರು ವಿಶೇಷವಾಗಿ ಗಮನಿಸಬೇಕು. ಫುಟ್‌ಬಾಲಿನಲ್ಲಿ ಗೋಲು ಬಿಟ್ಟುಕೊಟ್ಟ ತಂಡಕ್ಕೆ ಚೆಂಡು ಸಿಗುತ್ತದೆ; ರಗ್ಬಿ ಲೀಗಿನಲ್ಲಿ ಟ್ರೈ ಬಿಟ್ಟುಕೊಟ್ಟ ತಂಡವೇ ಚೆಂಡನ್ನು ಎದುರಾಳಿಯ ಕಡೆಗೆ ಒದೆಯಬೇಕು. ಅಂದರೆ ಈಗಷ್ಟೇ ಅಂಕ ಗಳಿಸಿದವರ ಕೈಗೇ ಚೆಂಡು ಮತ್ತೆ ಹೋಗುತ್ತದೆ, ಈಗಷ್ಟೇ ಓಡಿ ಹಿಡಿದು ಕೆಡವಿ ಸುಸ್ತಾದವರೇ ಮತ್ತೆ ಆರು ಬಾರಿ ಹಿಡಿದು ಕೆಡವಬೇಕಾಗುತ್ತದೆ. ಹೀಗಾಗಿ ಸ್ವಲ್ಪ ದುರ್ಬಲವಾದ ತಂಡವೂ ಒಮ್ಮೆ ಲಯ ತಪ್ಪಿದರೆ ಅಂಕಗಳ ಅಂತರ ನೋಡನೋಡುತ್ತಿದ್ದಂತೆ ಬೆಳೆದುಬಿಡುತ್ತದೆ. ಮಾರನೆಯ ದಿನದ ಪತ್ರಿಕೆಯಲ್ಲಿ ಅಂಕ ಮಾತ್ರ ಓದಿದವರಿಗೆ ಅದು ನಾಚಿಕೆಗೇಡು. ಮೈದಾನದಲ್ಲಿ ಕುಳಿತವರಿಗೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ನಲವತ್ತನೆಯ ಬಾರಿ ಎದ್ದುನಿಂತು ಮತ್ತೆ ಟ್ಯಾಕಲಿಗೆ ಹೋಗುವುದು ಕಾಣುತ್ತದೆ. ಸೋಲುವ ತಂಡದ ಅಭಿಮಾನಿಗಳು ಟ್ರೈಗೆ ಮಾತ್ರವಲ್ಲ, ಒಳ್ಳೆಯ ಟ್ಯಾಕಲಿಗೂ ಚಪ್ಪಾಳೆ ತಟ್ಟುವುದು ಈ ಕಾರಣಕ್ಕೆ.

ಇನ್ನು ಸೋಲು ಏಕೆ ಒಂದು ವರ್ಷಕ್ಕೆ ಮುಗಿಯುವುದಿಲ್ಲ ಎಂಬ ಪ್ರಶ್ನೆ. ಇಡೀ ವಿಷಯದ ತಿರುಳು ಇಲ್ಲಿದೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್, ಪ್ರತಿ ಕ್ಲಬ್ ತನ್ನ ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳಕ್ಕೆ ಮಿತಿ ಹಾಕಿದೆ. ಈಚಿನ ವರ್ಷಗಳಲ್ಲಿ ಮುಖ್ಯ ಪಟ್ಟಿಯ 30 ಆಟಗಾರರಿಗೆ ಸೇರಿ ಇದು ಸುಮಾರು 1.2 ಕೋಟಿ ಆಸ್ಟ್ರೇಲಿಯನ್ ಡಾಲರ್. ಹಣವಂತ ಕ್ಲಬ್ ಎಲ್ಲ ಒಳ್ಳೆಯ ಆಟಗಾರರನ್ನೂ ಕೊಂಡುಬಿಡದಿರಲಿ ಎಂಬುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಒಪ್ಪಂದಗಳು ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಹೆಚ್ಚು ವರ್ಷಗಳಿಗೆ ಇರುತ್ತವೆ. ವಯಸ್ಸಾದ, ಗಾಯಗೊಂಡ ಅಥವಾ ಲಯ ಕಳೆದುಕೊಂಡ ಆಟಗಾರನಿಗೆ ದೊಡ್ಡ ಮೊತ್ತದ ದೀರ್ಘ ಒಪ್ಪಂದ ಕೊಟ್ಟಿದ್ದರೆ, ಆ ಮೊತ್ತ ಮಿತಿಯೊಳಗಿನ ಜಾಗವನ್ನು ತಿನ್ನುತ್ತಲೇ ಇರುತ್ತದೆ. ಅದು ಮುಗಿಯುವವರೆಗೆ ಹೊಸಬರನ್ನು ತರಲು ಕ್ಲಬ್ಬಿನ ಕೈ ಕಟ್ಟಿದಂತೆ. ಐಪಿಎಲ್ ನೋಡುವ ನಮಗೆ ಇದು ಅಪರಿಚಿತ ವ್ಯವಸ್ಥೆ. ಐಪಿಎಲ್‌ನಲ್ಲಿ ಕೆಲವು ವರ್ಷಗಳಿಗೊಮ್ಮೆ ಮೆಗಾ ಹರಾಜು ನಡೆದು ಬಹುತೇಕ ತಂಡಗಳು ಹೊಸದಾಗಿ ಕಟ್ಟಲ್ಪಡುತ್ತವೆ. 2017 ಮತ್ತು 2019ರಲ್ಲಿ ಪಟ್ಟಿಯ ತಳದಲ್ಲಿದ್ದ ಆರ್‌ಸಿಬಿಗೆ ಕೂಡ ಪುಟ ತಿರುವಿ ಮತ್ತೆ ಬರೆಯುವ ಅವಕಾಶ ಇತ್ತು, ಚಿನ್ನಸ್ವಾಮಿ ಕ್ರೀಡಾಂಗಣವನ್ನು ಬಿಡದೆ ತುಂಬಿದ ಜನರಿಗೆ 2025ರಲ್ಲಿ ಕಪ್ ಕೂಡ ಸಿಕ್ಕಿತು. ರಗ್ಬಿ ಲೀಗಿನಲ್ಲಿ ಅಂಥ ಹರಾಜು ಇಲ್ಲ.

ಡ್ರಾಫ್ಟ್ ಕೂಡ ಇಲ್ಲ. ಅದೇ ದೇಶದ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ ಕೊನೆಯ ಸ್ಥಾನಕ್ಕೆ ಇಳಿದ ತಂಡಕ್ಕೆ ಆ ವರ್ಷದ ಉತ್ತಮ ಯುವ ಆಟಗಾರರನ್ನು ಮೊದಲು ಆರಿಸಿಕೊಳ್ಳುವ ಹಕ್ಕು ಸಿಗುತ್ತದೆ. ಹಾಗಾಗಿ ಅಲ್ಲಿ ಸೋಲಿನಲ್ಲೇ ಒಂದಿಷ್ಟು ಪರಿಹಾರ ಇದೆ. ರಗ್ಬಿ ಲೀಗ್ ಕೂಡ 1990ರ ಸುಮಾರಿಗೆ ಡ್ರಾಫ್ಟ್ ತಂದಿತ್ತು. ಆಟಗಾರರು ನ್ಯಾಯಾಲಯಕ್ಕೆ ಹೋದರು. ತಾನು ಯಾರ ಬಳಿ ದುಡಿಯಬೇಕೆಂಬುದನ್ನು ಆಟಗಾರನೇ ನಿರ್ಧರಿಸಬೇಕು, ಡ್ರಾಫ್ಟ್ ಅವನ ಉದ್ಯೋಗ ಸ್ವಾತಂತ್ರ್ಯಕ್ಕೆ ಅನುಚಿತ ಅಡ್ಡಿ ಎಂಬ ನೆಲೆಯಲ್ಲಿ 1991ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ರದ್ದುಪಡಿಸಿತು. ದುಡಿಯುವವನ ಕಡೆಯಿಂದ ನೋಡಿದರೆ ಇದು ಸರಿಯಾದ ತೀರ್ಪೇ. ಆದರೆ ಅದರ ಫಲವಾಗಿ, ಪಟ್ಟಿಯ ತಳದಲ್ಲಿರುವ ಕ್ಲಬ್ಬಿಗೆ ‘ಮರದ ಚಮಚ’ ಎಂಬ ಹಾಸ್ಯದ ಬಿರುದು ಬಿಟ್ಟರೆ ಇನ್ನೇನೂ ದಕ್ಕುವುದಿಲ್ಲ. ಎನ್‌ಆರ್‌ಎಲ್‌ನಲ್ಲಿ ಕೆಳದರ್ಜೆಗೆ ಇಳಿಸುವ ಪದ್ಧತಿ ಇಲ್ಲವಾದ್ದರಿಂದ ಶಿಕ್ಷೆಯೂ ಇಲ್ಲ, ಕೆಳಗಿನ ದರ್ಜೆಯಲ್ಲಿ ಗೆದ್ದು ಚೇತರಿಸಿಕೊಳ್ಳುವ ಅವಕಾಶವೂ ಇಲ್ಲ.

ಹಾಗಾದರೆ ತಳದ ತಂಡ ಮೇಲೆ ಬರುವುದು ಹೇಗೆ? ಎರಡೇ ದಾರಿ: ತನ್ನ ಪ್ರದೇಶದ ಹುಡುಗರನ್ನು ಬೆಳೆಸುವುದು, ಇಲ್ಲವೇ ಬೇರೆ ಕ್ಲಬ್ಬಿನ ಆಟಗಾರನನ್ನು ಬರುವಂತೆ ಒಪ್ಪಿಸುವುದು. ಒಪ್ಪಂದದ ಕೊನೆಯ ವರ್ಷ ಬಾಕಿ ಇರುವ ಆಟಗಾರ ಆ ವರ್ಷಕ್ಕೆ ಮೊದಲಿನ ನವೆಂಬರ್ 1ರಿಂದಲೇ ಯಾರೊಂದಿಗೆ ಬೇಕಾದರೂ ಮಾತಾಡಬಹುದು. ಸಂಬಳದ ಮಿತಿ ಎಲ್ಲರಿಗೂ ಒಂದೇ ಆಗಿರುವುದರಿಂದ ಹಣದ ಪ್ರಸ್ತಾವಗಳಲ್ಲಿ ಕೆಲವೊಮ್ಮೆ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಆಗ ಅವನು, ಅವನ ಮನೆಯವರು, ಅವನ ಏಜೆಂಟ್ ನೋಡುವುದು ಬೇರೆ ಸಂಗತಿಗಳನ್ನು: ಕೋಚ್ ಯಾರು, ತರಬೇತಿಯ ಸೌಲಭ್ಯ ಹೇಗಿದೆ, ಊರು ಎಂಥದ್ದು, ಸೋತ ದಿನ ಅಂಗಡಿಗೆ ಹೋದರೆ ಜನ ಹೇಗೆ ನಡೆಸಿಕೊಳ್ಳುತ್ತಾರೆ. ಖಾಲಿ ಆಸನಗಳು ಮತ್ತು ಅರ್ಧವಿರಾಮಕ್ಕೇ ಕೇಳಿಸುವ ಕೂಗಾಟ ಆ ಆಟಗಾರನಿಗೆ ಒಂದು ಉತ್ತರ ಕೊಡುತ್ತವೆ. 62-0 ಸೋಲಿನ ನಂತರದ ಪಂದ್ಯಕ್ಕೂ ಬಂದು ಕುಳಿತ ಜನ ಇನ್ನೊಂದು ಉತ್ತರ ಕೊಡುತ್ತಾರೆ.

ನ್ಯೂಕ್ಯಾಸಲಿನ ಪತನಕ್ಕೆ ಕಾರಣ 2016ರ ಹುಡುಗರೂ ಅಲ್ಲ, ಆಗಷ್ಟೇ ಬಂದಿದ್ದ ಕೋಚ್ ನೇಥನ್ ಬ್ರೌನ್ ಕೂಡ ಅಲ್ಲ. 2011ರಲ್ಲಿ ಕ್ಲಬ್ಬಿನ ಸದಸ್ಯರು ಭಾರಿ ಬಹುಮತದಿಂದ ಕ್ಲಬ್ಬನ್ನು ಗಣಿ ಉದ್ಯಮಿ ನೇಥನ್ ಟಿಂಕ್ಲರ್‌ಗೆ ಒಪ್ಪಿಸಿದರು. ಹೆಸರಾಂತ ಕೋಚ್ ವೇಯ್ನ್ ಬೆನೆಟ್ ಬಂದರು, ಪಳಗಿದ ಆಟಗಾರರು ಬಂದರು, 2013ರಲ್ಲಿ ತಂಡ ಫೈನಲಿಗೆ ಒಂದೇ ಹೆಜ್ಜೆ ಹಿಂದಿನ ಹಂತದವರೆಗೆ ಹೋಯಿತು. ಅಷ್ಟರಲ್ಲಿ ಕಲ್ಲಿದ್ದಲಿನ ಬೆಲೆ ಕುಸಿದು ಮಾಲೀಕರ ಸಂಪತ್ತು ಕರಗಿತು; 2014ರಲ್ಲಿ ಲೀಗೇ ಕ್ಲಬ್ಬನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಉಳಿದದ್ದು ವಯಸ್ಸಾದ ಆಟಗಾರರ ಗುಂಪು ಮತ್ತು ಖಾಲಿ ಬೊಕ್ಕಸ. ಇಂಥ ಸ್ಥಿತಿಯಲ್ಲಿ ಕೋಚ್ ವಿರುದ್ಧ ಘೋಷಣೆ ಕೂಗುವುದು, ಮಳೆ ಬಾರದ್ದಕ್ಕೆ ಕಾಲುವೆ ಕಾಯುವವನನ್ನು ಬೈದ ಹಾಗೆ. ಕೋಚ್‌ನನ್ನು ತೆಗೆದರೆ ಅವನ ಒಪ್ಪಂದದ ಉಳಿದ ಹಣವನ್ನು ಕಟ್ಟಿಕೊಡಬೇಕು, ಹೊಸಬನಿಗೆ ಸಿಗುವುದು ಅದೇ ಮೂವತ್ತು ಮಂದಿ. ಸಿಡ್ನಿಯ ವೆಸ್ಟ್ಸ್ ಟೈಗರ್ಸ್ ಇದಕ್ಕೆ ನೋವಿನ ಉದಾಹರಣೆ: 2022ರ ನಡುವೆ ಮೈಕಲ್ ಮಗ್ವಾಯರ್‌ರನ್ನು ತೆಗೆದರು, 2023ಕ್ಕೆ ಟಿಮ್ ಶೀನ್ಸ್ ಬಂದರು, 2024ಕ್ಕೆ ಬೆಂಜಿ ಮಾರ್ಷಲ್ ಬಂದರು. ಮೂರೂ ವರ್ಷ ತಂಡ ಕೊನೆಯ ಸ್ಥಾನದಲ್ಲೇ ಇತ್ತು.

ಬೆಂಬಲ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಅದು ಬರೀ ಮನಸ್ಸಿನ ಸ್ಥಿತಿಯಲ್ಲ. ಲೀಗ್ ಟಿವಿ ಒಪ್ಪಂದದ ಹಣದಿಂದ ಪ್ರತಿ ಕ್ಲಬ್ಬಿಗೆ ಅನುದಾನ ಕೊಡುತ್ತದೆ, ಅದರಿಂದ ಮುಖ್ಯ ಆಟಗಾರರ ಸಂಬಳ ಹೊರಡುತ್ತದೆ. ಆದರೆ ಹದಿನೈದು, ಹದಿನೇಳು ವಯಸ್ಸಿನವರ ತಂಡಗಳು, ಅವರ ಕೋಚ್‌ಗಳು, ಹಳ್ಳಿ ಮತ್ತು ಪಟ್ಟಣಗಳಲ್ಲಿ ಪ್ರತಿಭೆ ಹುಡುಕುವವರು, ಫಿಸಿಯೋಗಳು, ಮಹಿಳಾ ತಂಡ, ಇವೆಲ್ಲಕ್ಕೂ ಕ್ಲಬ್ ತನ್ನ ಗಳಿಕೆಯನ್ನೂ ಹಾಕಬೇಕು. ಸೀಸನ್ ಶುರುವಾಗುವ ಮೊದಲೇ ಸದಸ್ಯತ್ವ ಪಡೆದು ಹಣ ಕಟ್ಟಿದವನು, ತಂಡ ಗೆಲ್ಲುತ್ತದೆಯೋ ಇಲ್ಲವೋ ತಿಳಿಯುವ ಮೊದಲೇ ಆ ಖರ್ಚಿನಲ್ಲಿ ತನ್ನ ಪಾಲು ಹಾಕಿರುತ್ತಾನೆ. ಬಹಿಷ್ಕಾರ ಹೂಡಿದಾಗ ಮೊದಲು ಕತ್ತರಿ ಬೀಳುವುದು ತಪ್ಪು ಮಾಡಿದ ಹಿರಿಯ ಅಧಿಕಾರಿಯ ಸಂಬಳಕ್ಕಲ್ಲ, ಈ ಕಿರಿಯರ ಖರ್ಚಿಗೆ. ತಂಡವನ್ನು ತಳದಿಂದ ಎತ್ತಬಲ್ಲ ಎರಡು ದಾರಿಗಳಲ್ಲಿ ಒಂದನ್ನು ನಾವೇ ಮುಚ್ಚಿದಂತೆ.

2016ರ ಆ ದುರ್ದಿನಗಳಲ್ಲೇ ಡೇನಿಯಲ್ ಮತ್ತು ಜೇಕಬ್ ಸೈಫಿಟಿ ಎಂಬ ಅವಳಿ ಸಹೋದರರು ನೈಟ್ಸ್ ಪರ ಮೊದಲ ಬಾರಿ ಆಡಿದರು. ಅವರ ಮೊದಲ ಸೀಸನ್ನಿನ ಅನುಭವವೆಂದರೆ ಬಹುಪಾಲು ಸೋಲು. 2017ರ ಮಾರ್ಚಿನಲ್ಲಿ ಗೋಲ್ಡ್ ಕೋಸ್ಟ್ ಟೈಟನ್ಸ್ ವಿರುದ್ಧ ಗೆದ್ದಾಗಷ್ಟೇ ಸತತ 19 ಸೋಲುಗಳ ಸರಣಿ ಮುರಿಯಿತು. ಅದೇ ವರ್ಷದ ಕೊನೆಗೆ ಊರಿನದೇ ಆದ ವೆಸ್ಟ್ಸ್ ಎಂಬ ಸಮುದಾಯ ಕ್ಲಬ್ಬುಗಳ ಸಮೂಹ ತಂಡದ ಒಡೆತನ ವಹಿಸಿಕೊಂಡಿತು. ಮೂರು ವರ್ಷ ಸತತವಾಗಿ ತಳದಲ್ಲಿದ್ದ ಆ ಕ್ಲಬ್ಬಿಗೆ 2018ರಲ್ಲಿ ಬೇರೆ ಕ್ಲಬ್ಬಿನಿಂದ ಕೇಲಿನ್ ಪೊಂಗಾ ಎಂಬ ಯುವ ಆಟಗಾರ ಬಂದರು. ಡೇನಿಯಲ್ ಸೈಫಿಟಿ 2019ರಲ್ಲಿ, ಜೇಕಬ್ 2022ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ತಂಡದ ಪರ ಆಡಿದರು. 2020ರಲ್ಲಿ ನೈಟ್ಸ್ ಮತ್ತೆ ಪ್ಲೇಆಫ್ ಸುತ್ತಿಗೆ ಬಂತು.

2023ರ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸೀಸನ್ನಿನ ಅರ್ಧದಲ್ಲಿ ತಂಡ ಪಟ್ಟಿಯ ಕೆಳಭಾಗದಲ್ಲಿತ್ತು, ಕೋಚ್ ಆ್ಯಡಮ್ ಓಬ್ರಿಯನ್ ಅವರನ್ನು ತೆಗೆಯಬೇಕೆಂಬ ಮಾತು ಬಹಿರಂಗವಾಗಿಯೇ ನಡೆದಿತ್ತು. ಕ್ಲಬ್ ಅವರನ್ನು ಉಳಿಸಿಕೊಂಡಿತು. ಜುಲೈ ಆರಂಭದಲ್ಲಿ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ವಿರುದ್ಧ ಅದೇ ಮೈದಾನದಲ್ಲಿ 66-0 ಗೆಲುವು ಬಂತು. ಏಳು ವರ್ಷಗಳ ಹಿಂದೆ ತಾವು ಸೋತದ್ದಕ್ಕಿಂತಲೂ ದೊಡ್ಡ ಅಂತರ ಅದು. ಅಲ್ಲಿಂದ ಸತತ ಗೆಲುವುಗಳೊಂದಿಗೆ ತಂಡ ಐದನೆಯ ಸ್ಥಾನಕ್ಕೆ ಏರಿತು, ಸೋತರೆ ಮನೆಗೆ ಎಂಬ ಪಂದ್ಯವನ್ನು ಸ್ವಂತ ಮೈದಾನದಲ್ಲಿ ಆಡುವ ಹಕ್ಕು ಪಡೆಯಿತು, ಸುಮಾರು 29,500 ಜನರ ಎದುರು ಕ್ಯಾನ್‌ಬೆರಾ ತಂಡವನ್ನು ಹೆಚ್ಚುವರಿ ಸಮಯದಲ್ಲಿ 30-28ರಿಂದ ಸೋಲಿಸಿತು. ಪೊಂಗಾ ಆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಪಡೆದರು. ಸೈಫಿಟಿ ಅವಳಿಗಳು ಆಗಲೂ ಕ್ಲಬ್ಬಿನಲ್ಲಿದ್ದರು. ಇದೇ ಕ್ಲಬ್ಬಿನ ಮಹಿಳಾ ತಂಡ ಇನ್ನೂ ಬೇಗ ಚೇತರಿಸಿಕೊಂಡಿತ್ತು: 2022ರ ಆರಂಭದಲ್ಲಿ ನಡೆದ ತನ್ನ ಮೊದಲ ಸೀಸನ್ನಿನ ಐದಕ್ಕೆ ಐದೂ ಪಂದ್ಯಗಳನ್ನು ಸೋತು, ಅದೇ ವರ್ಷದ ಎರಡನೆಯ ಸೀಸನ್ನಿನಲ್ಲಿ ಚಾಂಪಿಯನ್ ಆಗಿ, 2023ರಲ್ಲಿ ಆ ಪಟ್ಟವನ್ನು ಉಳಿಸಿಕೊಂಡಿತು.

ಹಾಗಾದರೆ ಪ್ರತಿಭಟನೆ ಎಂದೂ ಸಲ್ಲದೇ? ಖಂಡಿತ ಹಾಗಲ್ಲ. ಪಂದ್ಯ ಸೋಲುವುದು ಬೇರೆ, ಕ್ಲಬ್ಬನ್ನೇ ಜನರ ಕೈಯಿಂದ ಕಿತ್ತುಕೊಳ್ಳುವುದು ಬೇರೆ. ಎರಡಕ್ಕೂ ಒಂದೇ ಮದ್ದು ಇಲ್ಲ. ಇದನ್ನು ಸಿಡ್ನಿಯ ಸೌತ್ ಸಿಡ್ನಿ ರ್‍ಯಾಬಿಟೋಸ್ ತಂಡದ ಇತಿಹಾಸದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. 1908ರ ಮೂಲ ಕ್ಲಬ್ಬುಗಳಲ್ಲಿ ಒಂದಾದ, 20 ಬಾರಿ ಚಾಂಪಿಯನ್ ಆಗಿದ್ದ ಈ ತಂಡವನ್ನು, ತಂಡಗಳ ಸಂಖ್ಯೆಯನ್ನು 14ಕ್ಕೆ ಇಳಿಸುವ ನೆಪದಲ್ಲಿ 1999ರ ಅಕ್ಟೋಬರಿನಲ್ಲಿ ಲೀಗಿನಿಂದ ಹೊರಹಾಕಲಾಯಿತು. ಅಭಿಮಾನಿಗಳು ಬೀದಿಗಿಳಿದರು, 2000ದ ನವೆಂಬರಿನ ಮೆರವಣಿಗೆಯಲ್ಲಿ ಸುಮಾರು 80,000 ಜನ ನಡೆದರು ಎಂಬುದು ಅಂದಿನ ಅಂದಾಜು. ಕ್ಲಬ್ಬಿನ ಹಿರಿಯ ಜಾರ್ಜ್ ಪಿಗಿನ್ಸ್ ನಾಯಕತ್ವದಲ್ಲಿ ನ್ಯಾಯಾಲಯದ ಹೋರಾಟವೂ ನಡೆಯಿತು. 2001ರಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಕ್ಲಬ್ಬಿನ ಪರ ತೀರ್ಪು ಕೊಟ್ಟಿತು, 2002ರಲ್ಲಿ ತಂಡ ಮರಳಿತು. ಆ ತೀರ್ಪನ್ನು 2003ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ತಳ್ಳಿಹಾಕಿದರೂ ತಂಡವನ್ನು ಮತ್ತೆ ಹೊರಹಾಕುವ ಸಾಹಸವನ್ನು ಯಾರೂ ಮಾಡಲಿಲ್ಲ. ಆ ಹೋರಾಟ ನ್ಯಾಯವಾದದ್ದು. ಅದಿಲ್ಲದೆ ಇಂದು ಆ ತಂಡವೇ ಇರುತ್ತಿರಲಿಲ್ಲ.

ಆದರೆ ಮರಳಿ ಬಂದ ಮೇಲೆ ಏನಾಯಿತು ಎಂಬುದು ಮೆರವಣಿಗೆಯ ಚಿತ್ರಗಳಷ್ಟು ಪ್ರಸಿದ್ಧವಲ್ಲ. 2003, 2004 ಮತ್ತು 2006ರಲ್ಲಿ ತಂಡ ಕೊನೆಯ ಸ್ಥಾನದಲ್ಲಿ ಉಳಿಯಿತು. ತಂಡಕ್ಕಾಗಿ ಬೀದಿಯಲ್ಲಿ ನಡೆದ ಜನರೇ ಈಗ ಆಸನಗಳಲ್ಲಿ ಕುಳಿತು ಸೋಲನ್ನು ನೋಡಬೇಕಾಯಿತು. ಎರಡನೆಯದು ಮೊದಲಿನದಕ್ಕಿಂತ ಕಷ್ಟದ ಕೆಲಸ ಎಂದು ನನಗೆ ಅನ್ನಿಸುತ್ತದೆ. ಮೆರವಣಿಗೆಯಲ್ಲಿ ಎದುರಾಳಿ ಯಾರೆಂಬುದು ಗೊತ್ತಿರುತ್ತದೆ, ಸುತ್ತ ಸಾವಿರಾರು ಜನ ಇರುತ್ತಾರೆ. ಚಳಿಗಾಲದ ಸಂಜೆ ಸೋಲುತ್ತಿರುವ ಪಂದ್ಯದಲ್ಲಿ ಬೈಯಲು ಒಬ್ಬ ಖಳನಾಯಕ ಕೂಡ ಸಿಗುವುದಿಲ್ಲ. 2006ರಲ್ಲಿ ನಟ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಅ ಕೋರ್ಟ್ ಕ್ಲಬ್ಬಿನ ಮುಕ್ಕಾಲು ಪಾಲನ್ನು ಕೊಳ್ಳಲು ಮುಂದೆ ಬಂದಾಗ ಸದಸ್ಯರೇ ಮತ ಹಾಕಿ ತೀರ್ಮಾನಿಸಿದರು. ಬೇಕಿದ್ದ 75 ಶೇಕಡಾ ಮತಗಳ ಗೆರೆಯನ್ನು ಪ್ರಸ್ತಾವ ಕಷ್ಟಪಟ್ಟು ದಾಟಿತು. ಪಿಗಿನ್ಸ್ ಅದನ್ನು ವಿರೋಧಿಸಿದ್ದರು. ಇಲ್ಲಿ ಗಮನಿಸಬೇಕಾದದ್ದು, ಸೋಲಿನ ಕಾಲದಲ್ಲೂ ಸದಸ್ಯತ್ವ ಬಿಡದವರಿಗೆ ಮಾತ್ರ ಆ ನಿರ್ಣಾಯಕ ದಿನ ಮತ ಇತ್ತು ಎಂಬುದನ್ನು. 2014ರಲ್ಲಿ, 43 ವರ್ಷಗಳ ನಂತರ, ತಂಡ ಮತ್ತೆ ಚಾಂಪಿಯನ್ ಆಯಿತು. ಫೈನಲಿನ ಮೊದಲ ಕ್ಷಣಗಳಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡ ಸ್ಯಾಮ್ ಬರ್ಜೆಸ್ ಕೊನೆಯವರೆಗೂ ಆಡಿ ಪಂದ್ಯಶ್ರೇಷ್ಠರಾದರು.

ಇಂಗ್ಲೆಂಡಿನಲ್ಲಿ, ಈ ಆಟ 1895ರಲ್ಲಿ ಹುಟ್ಟಿದ ಉತ್ತರದ ಪ್ರದೇಶದಲ್ಲೇ, ಸ್ಯಾಲ್‌ಫರ್ಡ್ ತಂಡ 2025ರ ಮೊದಲ ಲೀಗ್ ಪಂದ್ಯವನ್ನು ಸಂಬಳ ಖರ್ಚಿನ ಮೇಲಿನ ನಿರ್ಬಂಧದಿಂದಾಗಿ ಎಳೆಯ ಹುಡುಗರನ್ನು ಇಳಿಸಿ 82-0ಯಿಂದ ಸೋತಿತು. ಆ ವರ್ಷ ಆಟಗಾರರ ಸಂಬಳ ಮತ್ತೆ ಮತ್ತೆ ತಡವಾಯಿತು, ಅಭಿಮಾನಿಗಳು ಒಡೆತನದ ವಿರುದ್ಧ ಪ್ರತಿಭಟಿಸಿದರು. ಇದನ್ನು ಯಾರೂ ತಪ್ಪೆನ್ನಲಾರರು. ದುಡಿದವನಿಗೆ ಸಂಬಳ ಬಾರದಿರುವುದು ಆಟದ ಸೋಲಲ್ಲ. ಆದರೆ ಅಂಥ ಪ್ರತಿಭಟನೆಯ ಗುರಿ ಸ್ಪಷ್ಟವಾಗಿರಬೇಕು: ಕಚೇರಿಯಲ್ಲಿ ಕುಳಿತವರತ್ತ ಬೆರಳು ತೋರಿಸುವಾಗ, 82 ಅಂಕ ಬಿಟ್ಟುಕೊಟ್ಟ ಹದಿನೆಂಟರ ಹುಡುಗನ ಕಿವಿಗೆ ಚಪ್ಪಾಳೆ ಬೀಳಬೇಕು. ಎರಡನ್ನೂ ಒಂದೇ ಸಂಜೆ ಮಾಡಲು ಸಾಧ್ಯವಿದೆ.

ಒಂದು ಆಕ್ಷೇಪಕ್ಕೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಜನ ಹೇಗಿದ್ದರೂ ಬರುತ್ತಾರೆ ಎಂದು ಗೊತ್ತಾದರೆ ಆಡಳಿತ ಮಂಡಳಿ ಸೋಮಾರಿಯಾಗುವುದಿಲ್ಲವೇ? ಆಗಬಹುದು. ನ್ಯೂಕ್ಯಾಸಲ್ ಕೂಡ 2025ರಲ್ಲಿ ಮತ್ತೆ ಕೊನೆಯ ಸ್ಥಾನಕ್ಕೆ ಇಳಿಯಿತು, ಅದರ ಐದನೆಯ ಮರದ ಚಮಚ. ಜನರ ಹಾಜರಿ ತಂಡವನ್ನು ಗೆಲ್ಲಿಸುವ ಮಂತ್ರವಲ್ಲ. ಅದಕ್ಕಾಗಿಯೇ ಬೆಂಬಲಿಸುವವನು ಪ್ರಶ್ನೆಯನ್ನೂ ಕೇಳಬೇಕು: ವಾರ್ಷಿಕ ಸಭೆಗೆ ಹೋಗಿ ಲೆಕ್ಕಪತ್ರ ಓದಬೇಕು, ಕಿರಿಯರ ತಂಡಗಳಿಗೆ ಎಷ್ಟು ಖರ್ಚಾಯಿತು ಎಂದು ವಿಚಾರಿಸಬೇಕು, ಯಾವ ಆಟಗಾರನಿಗೆ ಏಕೆ ಅಷ್ಟು ದೀರ್ಘ ಒಪ್ಪಂದ ಎಂದು ಕೇಳಬೇಕು. ಆಟಗಾರ ಡಿಲನ್ ಬ್ರೌನ್ ಅವರಿಗೆ 2026ರಿಂದ ಹತ್ತು ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್‌ಗಳ ಒಪ್ಪಂದ ಕೊಟ್ಟಿರುವ ಕ್ಲಬ್ಬಿನ ಸದಸ್ಯರಿಗೆ ಈ ಕೊನೆಯ ಪ್ರಶ್ನೆ ಕೇಳುವ ಹಕ್ಕು ಪೂರ್ಣವಾಗಿ ಇದೆ. ಅಂಥ ಪ್ರಶ್ನೆ ಆಸನ ಖಾಲಿ ಮಾಡಿ ಹೋದವನಿಂದ ಬಂದರೆ ಆಡಳಿತಕ್ಕೆ ಬೆದರಿಕೆಯಾಗಿ ಕೇಳಿಸುತ್ತದೆ. 2016ರ ಪ್ರತಿ ಪಂದ್ಯಕ್ಕೂ ಬಂದವನಿಂದ ಬಂದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.

2025ರ ಸೋಲುಗಳ ನಂತರ ಓಬ್ರಿಯನ್ ಹೊರಟರು, ಜಸ್ಟಿನ್ ಹೋಲ್‌ಬ್ರೂಕ್ ಹೊಸ ಕೋಚ್ ಆಗಿ ನೇಮಕಗೊಂಡರು. ಒಂದೇ ಗೆಲುವಿನ 2016ರಲ್ಲಿ ಆಟ ಶುರು ಮಾಡಿದ್ದ ಜೇಕಬ್ ಸೈಫಿಟಿ ಆ ವರ್ಷವೂ ನೈಟ್ಸ್‌ನ ಕೆಂಪು ನೀಲಿ ಜೆರ್ಸಿಯಲ್ಲೇ ಆಡುತ್ತಿದ್ದರು.